ಸ್ಟ್ಯಾಟಿಕ್ ಐಪಿ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್: ನಾನು ಮಾಡಿದ್ದು ಹೀಗೆ

"ಸ್ಟ್ಯಾಟಿಕ್ ಐಪಿ ತಗೊಳ್ಳದೆ ಆಗಲ್ಲ ಬಿಡಿ" ಅಂತ, ಮನೆಯ ಪಿಸಿಯನ್ನು ಹೊರಗಿನಿಂದ ಬಳಸಬೇಕು ಅಂದಾಗ ಜೊತೆಗಾರರೆಲ್ಲ ಹೇಳಿದ್ದರು. ಸ್ಟ್ಯಾಟಿಕ್ ಐಪಿ ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ. ಈಗ ಆರೇಳು ತಿಂಗಳಿಂದ ಮನೆಯ ಪಿಸಿಗೆ ಹೊರಗಿನಿಂದ ಲಾಗಿನ್ ಆಗುತ್ತಿದ್ದೇನೆ. ಸ್ಟ್ಯಾಟಿಕ್ ಐಪಿ ಇಲ್ಲ, ರೌಟರ್‌ನಲ್ಲಿ ಒಂದು ಪೋರ್ಟ್ ಕೂಡ ತೆರೆದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಡಿಎಚ್‌ಸಿಪಿ ರಿಸರ್ವೇಶನ್ (ಮನೆಯೊಳಗೆ ಪಿಸಿಗೆ ಸದಾ ಒಂದೇ ವಿಳಾಸ), ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389ಕ್ಕೆ ಬರುವುದನ್ನು ರೌಟರ್ ಪಿಸಿಗೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್, ವಿಂಡೋಸ್ ಫೈರ್‌ವಾಲ್‌ನಲ್ಲಿ ರೂಲ್. ಮನೆಯ ವೈಫೈನಲ್ಲಿ ಸಲೀಸು, ಮೊಬೈಲ್ ಡೇಟಾದಲ್ಲಿ ಟೈಮ್‌ಔಟ್. ಡಿಎಂಜೆಡ್ (ಹೊರಗಿನಿಂದ ಬರುವುದೆಲ್ಲ ಒಂದೇ ಪಿಸಿಗೆ), ಫರ್ಮ್‌ವೇರ್ ಅಪ್‌ಡೇಟ್ ಎಲ್ಲ ಆಯಿತು. ದುಬಾರಿ ರೌಟರ್ ಕೂಡ ತಂದೆ. ಆ ದುಡ್ಡಿನಲ್ಲಿ ಈಗಿನ ವ್ಯವಸ್ಥೆ ಎರಡು ವರ್ಷ ನಡೆಯುತ್ತದೆ.

ಉತ್ತರ ಇದ್ದಿದ್ದು ರೌಟರ್‌ನ ಸ್ಟೇಟಸ್ ಪೇಜಿನಲ್ಲಿ. ಅಲ್ಲಿ ವ್ಯಾನ್ ಐಪಿ, ಅಂದರೆ ರೌಟರ್‌ಗೆ ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ, 100.72 ಅಂತ ಶುರುವಾಗುತ್ತಿತ್ತು, ಬ್ರೌಸರ್ ತೋರಿಸಿದ ಪಬ್ಲಿಕ್ ಐಪಿ ಬೇರೆಯೇ. 100.64ರಿಂದ 100.127ರ ಒಳಗಿದ್ದರೆ ಅದು ಸಿಜಿನ್ಯಾಟ್, ಅಂದರೆ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿರುತ್ತದೆ. ಹೊರಗಿನಿಂದ ತಾನಾಗಿ ಬರುವ ಪ್ಯಾಕೆಟ್ ನಮ್ಮ ರೌಟರ್ ತನಕ ಬರುವುದೇ ಇಲ್ಲ. ಇನ್ನು ಫಾರ್ವರ್ಡಿಂಗ್ ಎಷ್ಟು ಸರಿಯಿದ್ದರೇನು?

ಹೊರಗಿನಿಂದ ಬರಲು ಆಗದಿದ್ದರೆ ಒಳಗಿನಿಂದಲೇ ಹೊರಡಬೇಕು. ಪಬ್ಲಿಕ್ ಐಪಿ ಇರುವ ಅತಿ ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ಒಂದನ್ನು ಹಿಡಿದೆ. ಇಂಟರ್ನೆಟ್ ಕಂಪನಿ ಸ್ಟ್ಯಾಟಿಕ್ ಐಪಿಗೆ ಕೇಳಿದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಷ್ಟೇ. ಅದರ ಮೇಲೆ ವೈರ್‌ಗಾರ್ಡ್ (ಎನ್‌ಕ್ರಿಪ್ಟ್ ಆದ ಟನಲ್ ಕಟ್ಟುವ ವಿಪಿಎನ್), ಯುಡಿಪಿ ಪೋರ್ಟ್ 51820. ಮನೆಯ ಪಿಸಿಯೂ ಹೊರಗಿನ ಸಾಧನವೂ ಆ ವಿಪಿಎಸ್‌ಗೇ ಸೇರುತ್ತವೆ. ಮನೆಯ ಪಿಸಿ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್. ಅಂದರೆ ಅಷ್ಟಕ್ಕೊಮ್ಮೆ ಒಂದು ಚಿಕ್ಕ ಪ್ಯಾಕೆಟ್. ಅದಿಲ್ಲದಿದ್ದರೆ ನ್ಯಾಟ್ (ರೌಟರ್, ಕಂಪನಿಗಳ ವಿಳಾಸ ಬದಲಿಸುವ ವ್ಯವಸ್ಥೆ) ಸ್ವಲ್ಪ ಹೊತ್ತಿಗೆ ನಿಮ್ಮನ್ನು ಮರೆತುಬಿಡುತ್ತದೆ. ಕಾನ್ಫಿಗ್ ಬರೆಯುವುದು ನಿಮಗೆ ಗೊತ್ತೇ ಇದೆ, ಅಲ್ವಾ? ಸತಾಯಿಸಿದ್ದು ಬೇರೆ ಎರಡು.

ಮೊದಲನೆಯದು: ಹ್ಯಾಂಡ್‌ಶೇಕ್ ಆಗಿದೆ, ಅಂದರೆ ಟನಲ್ ಕೂಡಿದೆ, ಡೆಸ್ಕ್‌ಟಾಪ್ ಮಾತ್ರ ಬರುತ್ತಿಲ್ಲ. ವಿಪಿಎಸ್‌ನಲ್ಲಿ ಟನಲ್ ಮೇಲೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಸಿನ್ (ಸಂಪರ್ಕ ಕೇಳುವ ಮೊದಲ ಪ್ಯಾಕೆಟ್) ಹೋಗುತ್ತಿದೆ, ಮತ್ತೆ ಹೋಗುತ್ತಿದೆ, ವಾಪಸ್ ಏನೂ ಇಲ್ಲ. ರೀಸೆಟ್ (ನಿರಾಕರಿಸುವ ಪ್ಯಾಕೆಟ್) ಬಂದಿದ್ದರೆ ಆ ಪೋರ್ಟ್‌ನಲ್ಲಿ ಸರ್ವಿಸ್ ಓಡುತ್ತಿಲ್ಲ ಅನ್ನಬಹುದಿತ್ತು. ಏನೂ ಬಾರದಿದ್ದರೆ ಸಾಮಾನ್ಯವಾಗಿ ಫೈರ್‌ವಾಲ್ ನುಂಗುತ್ತಿದೆ ಅಂತಲೇ ಅರ್ಥ. ನೋಡಿದರೆ ವಿಂಡೋಸ್ ಆ ಟನಲನ್ನು ಪಬ್ಲಿಕ್ ನೆಟ್‌ವರ್ಕ್ ಅಂತ ಗುರುತಿಸಿತ್ತು, ರೂಲ್ ಇದ್ದಿದ್ದು ಪ್ರೈವೇಟ್‌ಗೆ. ಪಬ್ಲಿಕ್‌ಗೂ ರೂಲ್ ಹಾಕಿದೆ, ಆದರೆ ರಿಮೋಟ್ ಅಡ್ರೆಸ್ ಜಾಗದಲ್ಲಿ 10.8.0.0/24 ಮಾತ್ರ, ಅಂದರೆ ಟನಲ್‌ನೊಳಗಿನ ವಿಳಾಸಗಳು. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಮೊಬೈಲ್ ಡೇಟಾದಲ್ಲಿ ಪಾಸ್‌ವರ್ಡ್ ತನಕ ಬಂದು, ಆಮೇಲೆ ಕಪ್ಪು ಪರದೆ. ಚಿಕ್ಕ ಪ್ಯಾಕೆಟ್ ದಾಟುತ್ತಿತ್ತು, ದೊಡ್ಡದು ದಾರಿಯಲ್ಲೇ ಬೀಳುತ್ತಿತ್ತು. ಎರಡೂ ತುದಿಯಲ್ಲಿ 1420 ಇದ್ದಿದ್ದನ್ನು 1280ಕ್ಕೆ ಇಳಿಸಿದ ಮೇಲೆ ಒಮ್ಮೆಯೂ ಹಾಗಾಗಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಪಬ್ಲಿಕ್ ಐಪಿ ಇರುವ ಬೇರೊಂದು ಕಡೆ, ಪರೀಕ್ಷೆಗೆಂದೇ ಇಟ್ಟ ಖಾಲಿ ಪಿಸಿಗೆ 3389 ನೇರ ತೆರೆದಿಟ್ಟೆ. ಬೆಳಗಾಗುವುದರೊಳಗೆ ಈವೆಂಟ್ ವ್ಯೂವರ್‌ನಲ್ಲಿ 4625, ಅಂದರೆ ವಿಫಲ ಲಾಗಿನ್, ನೂರಾರು. ಪೋರ್ಟ್ ನಂಬರ್ ಬದಲಿಸಿದೆ, ಕಡಿಮೆಯಾಯಿತು, ನಿಲ್ಲಲಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನ 2019ರ ಭದ್ರತಾ ದೋಷ ಬ್ಲೂಕೀಪ್‌ಗೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಅದಕ್ಕೇ ನಾನು ಟನಲ್ ಬಿಟ್ಟು ಬೇರೆ ಯಾವುದನ್ನೂ ಒಪ್ಪುವುದಿಲ್ಲ.

ಮಲಗಿರುವ ಪಿಸಿಯನ್ನು ಹೊರಗಿನಿಂದ ಎಬ್ಬಿಸುವುದನ್ನೂ ಸಾಧಿಸಿದ್ದೇನೆ. ಪಿಸಿ ಮಲಗಿದರೆ ಟನಲ್ಲೂ ಮಲಗುತ್ತದೆ, ಹಾಗಾಗಿ ಎಬ್ಬಿಸುವ ಸಂದೇಶ, ಅಂದರೆ ಮ್ಯಾಜಿಕ್ ಪ್ಯಾಕೆಟ್, ಮನೆಯೊಳಗಿನ ಬೇರೊಂದು ಸಾಧನದಿಂದಲೇ ಹೊರಡಬೇಕು. ಆ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ವಿಪಿಎಸ್ ಸುತ್ತಿ ಬಂದರೂ ಪಿಂಗ್ 40 ಮಿಲಿಸೆಕೆಂಡ್ ಆಸುಪಾಸು. ವಿಡಿಯೋ ಎಡಿಟಿಂಗ್‌ಗೆ ಸಾಲದು, ಉಳಿದ ಕೆಲಸಕ್ಕೆಲ್ಲ ಆರಾಮಾಗಿ ಸಾಕು.