ರಾತ್ರಿ ಒಲೆಗೆ ಹಿಕರಿ ಸೌದೆ

ಅಮೆರಿಕದ ಪೆನ್ಸಿಲ್ವೇನಿಯಾದ ಚಳಿಗೆ ಹಿಕರಿ ಎಂಬ ಗಟ್ಟಿ ಮರವನ್ನು ಮೀರಿಸುವ ಸೌದೆ ನಾನಂತೂ ಕಂಡಿಲ್ಲ. ಹಾಗಂತ ಹೊಸದಾಗಿ ಕಟ್ಟಿಗೆ ಒಲೆ ಹಾಕಿಸಿದವರಿಗೆ ಮೊದಲ ವರ್ಷವೇ ಇದನ್ನು ತನ್ನಿ ಎನ್ನಲಾರೆ. ಸೀಳಲು ಹಟಮಾರಿ, ಒಣಗಲು ಸೋಮಾರಿ, ಹೊತ್ತಿಕೊಳ್ಳಲು ನಿಧಾನ. ಒಮ್ಮೆ ಉರಿ ಹಿಡಿಯಿತೋ, ಬೆಳಗಿನವರೆಗೂ ಚಿಂತೆಯಿಲ್ಲ.

ನಮ್ಮ ಮನೆಯ ಹಿಂದಿನ ಕಾಡಿನಲ್ಲಿರುವುದು ಹೆಚ್ಚಾಗಿ ಶ್ಯಾಗ್‌ಬಾರ್ಕ್ ಹಿಕರಿ. ದೂರದಿಂದಲೇ ಗುರುತು ಸಿಗುತ್ತದೆ: ತೊಗಟೆ ಉದ್ದುದ್ದ ಪಟ್ಟಿಗಳಾಗಿ ಎದ್ದು, ತುದಿಗಳು ಹೊರಕ್ಕೆ ಬಾಗಿರುತ್ತವೆ. ಅಕ್ರೋಟಿನ ಬಳಗದ ಮರ. ಪೆಕಾನ್ ಇದೇ ಕುಲದ್ದು. ಕಾಯಿ ಬಿಡುವ ಮರ ಕಡಿಯಲು ನನಗೆ ಮನಸ್ಸಿಲ್ಲ. ಗಾಳಿಗೆ ಬಿದ್ದದ್ದು, ತಲೆ ಒಣಗಿದ್ದು ಮಾತ್ರ ಸೌದೆಗೆ.

ಇಲ್ಲಿ ಕೊಡಲಿ ಕಾವಿಗೆ ಹಿಕರಿಯೇ ಆಗಬೇಕು. ಎಷ್ಟು ಏಟು ತಿಂದರೂ ಬಾಗುತ್ತದೆ, ಮುರಿಯುವುದಿಲ್ಲ. ಸೀಳುವವನಿಗೆ ತಲೆನೋವಾಗುವುದೂ ಅದೇ ಗುಣ. ನೇರ ಎಳೆಯ ರೆಡ್ ಓಕ್ ಆದರೆ ಟಪ್ಪನೆ ಎರಡು ಹೋಳು. ಹಿಕರಿ ಬಾಯಿ ಬಿಡುತ್ತದೆ, ಬೇರೆಯಾಗುವುದಿಲ್ಲ; ಸೀಳಿನೊಳಗೆ ಹಗ್ಗದ ಪುರಿಯಂತೆ ನಾರು ಅಡ್ಡಕ್ಕೆ ಹಿಡಿದುಕೊಂಡಿರುತ್ತದೆ. ನಾನು ಸಣ್ಣ ಕೊಡಲಿಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಆ ನಾರು ಕಡಿಯುತ್ತೇನೆ. ದಪ್ಪ ದಿಮ್ಮಿಯ ನಡುವಿಗೆ ಹೊಡೆಯುವುದೇ ಇಲ್ಲ. ಅಂಚಿನಿಂದ ಒಂದೊಂದೇ ಸೀಳು ಎಬ್ಬಿಸುತ್ತಾ ಸುತ್ತ ಬರುವುದು. ಗಂಟಿದ್ದರೆ ಉಕ್ಕಿನ ಬೆಣೆ, ಅದಕ್ಕೂ ಬಗ್ಗದಿದ್ದರೆ ಬಾಡಿಗೆಯ ಹೈಡ್ರಾಲಿಕ್ ಯಂತ್ರ. ಏನೇ ಆಗಲಿ, ಹಸಿ ಇರುವಾಗಲೇ ಸೀಳಬೇಕು. ಇಡೀ ದಿಮ್ಮಿಯಾಗಿ ಬಿಟ್ಟರೆ ಒಣಗುವುದೂ ಇಲ್ಲ, ಆಮೇಲೆ ಸೀಳಲು ಇನ್ನಷ್ಟು ಗಟ್ಟಿ.

ಒಟ್ಟುವಾಗ ನೆಲಕ್ಕೆ ತಾಗಿಸದೆ ಹಲಗೆಯ ಪ್ಯಾಲೆಟ್ ಮೇಲೆ, ಒಂದೇ ಸಾಲು. ಮೇಲೆ ಮಾತ್ರ ತಗಡು, ಪಕ್ಕಗಳು ಗಾಳಿಗೆ ತೆರೆದಿರಬೇಕು. ಒಂದು ಬೇಸಿಗೆ ಸಾಲದು, ಎರಡು ಬೇಕು. ತೇವ ಅಳೆಯುವ ಮೀಟರನ್ನು ಹೊರಮೈಗೆ ಚುಚ್ಚಿ ನೋಡಿದರೆ ಅದು ಕಡಿಮೆಯೇ ತೋರಿಸುತ್ತದೆ. ಒಂದು ತುಂಡು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ. ಶೇ. 20ಕ್ಕಿಂತ ಕೆಳಗಿದ್ದರೆ ಒಲೆಗೆ, ಇಲ್ಲವಾದರೆ ವಾಪಸ್ ಸಾಲಿಗೆ.

ಕೊಳ್ಳುವವರಿಗೆ ಒಂದು ಮಾತು. ಇಲ್ಲಿ ಸೌದೆ ಮಾರುವ ಅಳತೆ ಕಾರ್ಡ್; ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟು, 128 ಘನ ಅಡಿ. ಫೇಸ್ ಕಾರ್ಡ್ ಎಂದು ಮಾರುವುದರಲ್ಲಿ ಎತ್ತರ, ಉದ್ದ ಅಷ್ಟೇ ಇದ್ದರೂ ಆಳ ಒಂದು ತುಂಡಿನಷ್ಟೇ. 16 ಅಂಗುಲದ ತುಂಡಾದರೆ ಅದು ಮೂರರಲ್ಲೊಂದು ಪಾಲು. ಚಿಕ್ಕ ಪಿಕಪ್‌ನಲ್ಲಿ ಬಂದದ್ದನ್ನು ಕಾರ್ಡ್ ಎಂದರೆ ನಂಬಬೇಡಿ. ಒಣಗಿದ ಹಿಕರಿಯ ಒಂದು ಕಾರ್ಡಿನಲ್ಲಿ ಸುಮಾರು 2.7 ಕೋಟಿ ಬಿಟಿಯು (ಶಾಖ ಅಳೆಯುವ ಮಾನ) ಶಾಖವಿದ್ದರೆ, ರೆಡ್ ಓಕಿನಲ್ಲಿ ಸುಮಾರು 2.4 ಕೋಟಿ. ಬೆಲೆಯನ್ನು ಆ ಲೆಕ್ಕದಲ್ಲಿ ತೂಗಿ.

ಇಷ್ಟು ಒಳ್ಳೆಯ ಸೌದೆಯನ್ನು ಹಗಲಲ್ಲಿ ಸುಡುವುದು ನನ್ನ ಮಟ್ಟಿಗೆ ದುಂದು. ಸಂಜೆ ಪೈನ್ ಪುಳ್ಳೆಯಿಂದ ಹೊತ್ತಿಸಿ ಮೇಪಲ್ ಸುಡುತ್ತೇನೆ. ಮಲಗುವ ಮುಂಚೆ ಕೆಂಡವನ್ನೆಲ್ಲ ಬಾಗಿಲ ಕಡೆಗೆ ಎಳೆದು, ಹಿಂದೆ ಮೂರು ನಾಲ್ಕು ದಪ್ಪ ಹಿಕರಿ ಒತ್ತೊತ್ತಾಗಿ ಜೋಡಿಸುತ್ತೇನೆ. ಗಾಳಿಬಾಯಿ ಪೂರ್ತಿ ತೆರೆದೇ ಇರಬೇಕು. ತುಂಡುಗಳ ಮೈಯೆಲ್ಲ ಕಪ್ಪಾಗಿ, ಬಿರುಕು ಬಿಟ್ಟು, ಉರಿ ಚೆನ್ನಾಗಿ ಹಿಡಿದ ಮೇಲೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬರುವುದು. ನಿದ್ದೆಯ ಅವಸರಕ್ಕೆ ಬೇಗ ಮುಚ್ಚಿದರೆ ಹೊಗೆಯಾಡಿ ಚಿಮಣಿಯೊಳಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಮಸಿ ಕಟ್ಟುತ್ತದೆ, ಅದಕ್ಕೆ ಬೆಂಕಿ ಹತ್ತಿದರೆ ಮನೆಗೇ ಅಪಾಯ. ಚಿಮಣಿ ವರ್ಷಕ್ಕೊಮ್ಮೆ ಗುಡಿಸಲೇಬೇಕು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಇರಲೇಬೇಕು. ಬೆಳಿಗ್ಗೆ ಬೂದಿ ಕೆದಕಿದರೆ ಕೆಳಗೆ ಕೆಂಡ ನಿಗಿನಿಗಿ. ಚಳಿಗಾಲದಲ್ಲಿ ಊರಿಂದ ಬಂದಿದ್ದ ಅಮ್ಮ ಎರಡು ಪುಳ್ಳೆ ಇಟ್ಟು ಊದಿ, “ಇದೇನೋ, ಬೆಂಕಿಪೊಟ್ಟಣಾನೇ ಬೇಡ್ವಲ್ಲೋ! ಇಂಥ ಸೌದೆ ನಮ್ಮ ಬಚ್ಚಲೊಲೆಗೆ ಸಿಕ್ಕಿದ್ರೆ!” ಎಂದರು.

ಹಿಕರಿಗೆ ಹುಳದ ಕಾಟ ಜಾಸ್ತಿ. ತೊಗಟೆಯ ಕೆಳಗೆ ನುಣ್ಣನೆಯ ಹಿಟ್ಟು ಉದುರುತ್ತಿದ್ದರೆ ಕೊರೆಯುವ ಹುಳ ಸೇರಿದೆ ಎಂದೇ ಅರ್ಥ. ಕಪ್ಪು ಮೈಗೆ ಹಳದಿ ಪಟ್ಟಿಯಿರುವ, ಕಣಜದಂತೆ ಕಾಣುವ ಒಂದು ದುಂಬಿ ಬೆಚ್ಚಗಿನ ಕೋಣೆಯಲ್ಲಿ ವಸಂತ ಬಂತೆಂದು ತಿಳಿದು ಸೌದೆಯಿಂದ ಎದ್ದು ಬರುವುದುಂಟು. ಅದು ಮನೆಯ ಮರಮುಟ್ಟಿಗೆ ಏನೂ ಮಾಡದು, ಆದರೆ ಬೇರೆ ಕೆಲವು ಹುಳ ಗಟ್ಟಿಮರದ ಪೀಠೋಪಕರಣಕ್ಕೂ ಹತ್ತಬಹುದು. ಹಾಗಾಗಿ ಒಂದೆರಡು ದಿನಕ್ಕೆ ಬೇಕಾದಷ್ಟನ್ನೇ ಒಳಗೆ ತರುವುದು. ಸೌದೆಗೆ ಕೀಟನಾಶಕ ಹೊಡೆಯುವ ಕೆಲಸ ಮಾತ್ರ ಬೇಡ, ಸುಟ್ಟಾಗ ಆ ಹೊಗೆ ಕುಡಿಯುವವರು ನಾವೇ. ಸೌದೆಯ ಜೊತೆ ಮರ ಕೊಲ್ಲುವ ಕೀಟಗಳೂ ಪ್ರಯಾಣ ಮಾಡುವುದರಿಂದ, ದೂರದೂರಿನಿಂದ ತರಿಸುವುದನ್ನೂ ಬಿಟ್ಟಿದ್ದೇನೆ.

ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ, ಕಾಗದದ ಚೀಲಕ್ಕೆ ಸುರಿಯಬೇಡಿ. ಬೂದಿಯಡಿ ಹಿಕರಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ, ಮರದ ಜಗಲಿಯಿಂದ ದೂರ, ಬರಿ ನೆಲದ ಮೇಲೆ ಇಡಿ. ಪೂರ್ತಿ ತಣಿದ ಮೇಲೆ ತರಕಾರಿ ಪಾತಿಗೆ ಒಂದಿಷ್ಟು ಎರಚಬಹುದು. ಬ್ಲೂಬೆರಿ ಗಿಡಕ್ಕೆ ಬೇಡ, ಅದಕ್ಕೆ ಹುಳಿ ಮಣ್ಣೇ ಬೇಕು.