ಪರ್ಚೇಸ್ ಮೇಡಂ ಕೊಸರಾಟ

ಪೀಣ್ಯದ ಒಂದು ಚಿಕ್ಕ ಮೆಷಿನ್ ಶಾಪ್‌ನಲ್ಲಿ 17 ವರ್ಷದಿಂದ ಪರ್ಚೇಸ್ ನೋಡಿಕೊಳ್ಳುತ್ತಿದ್ದೇನೆ. ಕಬ್ಬಿಣದ ರಾಡಿನಿಂದ ಹಿಡಿದು ಕೂಲೆಂಟ್, ಕಾಟನ್ ವೇಸ್ಟ್, ಕೈ ತೊಳೆಯುವ ಸೋಪಿನವರೆಗೆ ಎಲ್ಲ ನನ್ನ ಕೈಯಿಂದಲೇ ಬರಬೇಕು. ಇದರಿಂದ ನೆಂಟರ ಕಡೆ ನನಗೊಂದು ಹೆಸರು ಬಿದ್ದಿದೆ. ಫ್ರಿಜ್ ತಗೊಳ್ಳಬೇಕಾ, ಕಲ್ಯಾಣ ಮಂಟಪ ಮಾತಾಡಬೇಕಾ, ‘ಅವಳನ್ನ ಕರ್ಕೊಂಡು ಹೋಗಿ, ಚೌಕಾಸಿ ಮಾಡ್ತಾಳೆ’ ಅನ್ನುತ್ತಾರೆ. ನಾನೂ ಬೇಡ ಅನ್ನದೆ ಹೋಗುತ್ತೇನೆ. ಆದರೆ ಅವರು ಅಂದುಕೊಂಡ ಥರದ ಚೌಕಾಸಿ ಬಿಟ್ಟು ಬಹಳ ವರ್ಷ ಆಯ್ತು. ಬಿಡಿಸಿದ್ದು ಒಬ್ಬ ಹೀಟ್ ಟ್ರೀಟ್‌ಮೆಂಟ್ ಯಜಮಾನರು.

ಆಗ ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ. ನಮ್ಮ ಗೇರು, ಶಾಫ್ಟುಗಳು ಗಟ್ಟಿಯಾಗಲಿ ಅಂತ ಹೊರಗಡೆ ಕಳಿಸುತ್ತೇವೆ. ಅಲ್ಲಿ ಫರ್ನೇಸಿನಲ್ಲಿ ಕಾಯಿಸಿ ಎಣ್ಣೆಗೆ ಅದ್ದಿ ತೆಗೆಯುತ್ತಾರೆ. ಕೆಜಿ ಲೆಕ್ಕದಲ್ಲಿ ರೇಟು. ಅವರು 28 ರೂಪಾಯಿ ಹೇಳುತ್ತಿದ್ದರು. ನಾನು ಇನ್ನಿಬ್ಬರ ಕೊಟೇಶನ್ ಮುಂದಿಟ್ಟು, ಎರಡು ವಾರ ಕಾಡಿ, 24ಕ್ಕೆ ಇಳಿಸಿದೆ. ತಿಂಗಳಿಗೆ ಸುಮಾರು 600 ಕೆಜಿ ಹೋಗುತ್ತಿತ್ತು, ಅಂದರೆ 2,400 ರೂಪಾಯಿ ಉಳಿತಾಯ. ನಮ್ಮ ಶಾಪ್ ಯಜಮಾನರು ಎಲ್ಲರ ಮುಂದೆ ಹೊಗಳಿದರು. ನಾನು ಒಂದು ವಾರ ಅದೇ ಗುಂಗಿನಲ್ಲಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಅರ್ಜೆಂಟ್ ಆರ್ಡರ್ ಬಂತು. 180 ಕೆಜಿ ಮಾಲು ಕಳಿಸಿದೆವು. ಎರಡು ದಿನದಲ್ಲಿ ಬರಬೇಕಾದದ್ದು ನಾಲ್ಕು ದಿನವಾದರೂ ಅಲ್ಲೇ ಬಿದ್ದಿತ್ತು. ಫೋನ್ ಮಾಡಿದರೆ ‘ಲೋಡಾಗ್ತಿದೆ ಮೇಡಂ’ ಅನ್ನುತ್ತಿದ್ದರು. ಕೊನೆಗೆ ನಾನೇ ಸ್ಕೂಟರ್ ಹತ್ತಿ ಹೋದೆ. ನಮ್ಮ ಟ್ರೇಗಳು ಬಾಗಿಲ ಹತ್ತಿರ, ನಾನು ಕೊಟ್ಟ ಡೆಲಿವರಿ ಚಲನ್ ಚೀಟಿ ಸಮೇತ, ಹಾಗೇ ಇದ್ದವು. ಮೇಲೆ ಯಾರೋ ಟಿಫನ್ ಡಬ್ಬಿ ಇಟ್ಟಿದ್ದರು.

ಆ ಯಜಮಾನರು ಜಗಳ ಆಡಲಿಲ್ಲ. ಟೀ ತರಿಸಿದರು. ‘ಮೇಡಂ, ಫರ್ನೇಸ್ ಒಂದು ಸಲ ಹಚ್ಚಿದ್ರೆ ತುಂಬಿಸ್ಬೇಕು. ಯಾರ ಮಾಲು ಮೊದ್ಲು ಹಾಕ್ಲಿ? 28 ಕೊಡೋರದ್ದಾ, 24 ಕೊಡೋರದ್ದಾ? ನೀವೇ ನನ್ನ ಜಾಗದಲ್ಲಿದ್ರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಆರ್ಡರಿನಲ್ಲಿ ಲೇಟಾಗಿದ್ದಕ್ಕೆ ಕಸ್ಟಮರ್ ಹಿಡಿದುಕೊಂಡ ದುಡ್ಡು ನಾನು ಮೂರು ತಿಂಗಳಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ.

ಟೀ ಕುಡಿಯುತ್ತಾ ಸುಮ್ನೆ ಕೇಳಿದೆ, ‘ನಿಮಗೆ ತಲೆನೋವು ಯಾವುದು ಸರ್, ರೇಟಾ?’ ಅವರು ನಕ್ಕರು. ರೇಟಲ್ಲವಂತೆ. ನಮ್ಮಲ್ಲಿ 90 ದಿನಕ್ಕೆ ಪೇಮೆಂಟ್. ಅವರಿಗೆ ಶನಿವಾರ ಬಂದರೆ ಬಟವಾಡೆ, ತಿಂಗಳು ಬಂದರೆ ಕರೆಂಟ್ ಬಿಲ್ಲು. ಫರ್ನೇಸ್ ಇಟ್ಟವರ ಕರೆಂಟ್ ಬಿಲ್ಲು ನೋಡಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ವಾಪಸ್ ಬಂದು ನಮ್ಮ ಅಕೌಂಟ್ಸ್‌ನವರ ಹತ್ತಿರ ಒಂದು ವಾರ ಬೇರೆಯದೇ ಚೌಕಾಸಿ ಮಾಡಿದೆ. 30 ದಿನಕ್ಕೆ ಪೇಮೆಂಟ್ ಕೊಡೋಣ, ಅವರು ಕೆಜಿಗೆ 26 ಮಾಡಲಿ, ನಮ್ಮ ಅರ್ಜೆಂಟ್ ಮಾಲು ಮೊದಲು ಹಾಕಲಿ ಅಂತ. ಎರಡೂ ಕಡೆ ಒಪ್ಪಿದರು. ಇವತ್ತಿಗೂ ಮಾಲು ಅವರಲ್ಲಿಗೇ ಹೋಗುತ್ತದೆ.

ಕಾನೂನು ಗೊತ್ತಿದ್ದರೆ ಆ ಒಂದು ವಾರವೂ ಬೇಕಿರಲಿಲ್ಲ, ಅದು ಬೇರೆ ಮಾತು. 2006ರ ಎಂಎಸ್‌ಎಂಇ, ಅಂದರೆ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿದ ಚಿಕ್ಕ ಘಟಕಕ್ಕೆ, ಏನೇ ಮಾತಾಗಿರಲಿ, 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಬರಲ್ಲ ಅನ್ನೋ ಭಯ ಎಲ್ಲರಿಗೂ. 2023ರ ಬಜೆಟ್‌ನಲ್ಲಿ, ಟೈಮಿಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ ಅಂತ ಬಂತು ನೋಡಿ, ಆಮೇಲೆ ನಮ್ಮ ಆಡಿಟರೇ ಫೋನ್ ಮಾಡಿ ‘ಯಾರ್‍ಯಾರಿಗೆ ಬಾಕಿ ಇದೆ?’ ಅಂತ ಕೇಳತೊಡಗಿದರು.

ಆ ಟೀ ಕುಡಿದು ಬಂದ ಸಂಜೆ ನನಗೆ ನೆನಪಾದದ್ದು ನಮ್ಮಮ್ಮ. ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಸೇರಿಗೆ ಇಷ್ಟು ಅಂದರೆ ಅಷ್ಟು ಕೊಟ್ಟುಬಿಡುತ್ತಿದ್ದರು, ಮಾತೇ ಇಲ್ಲ. ಸೇರು ಅಳೆದು ಚೀಲಕ್ಕೆ ಸುರಿದ ಮೇಲೆ ಮಾತ್ರ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ‘ಕೊಸರು?’ ಅನ್ನುತ್ತಿದ್ದರು. ಮಾರುವವನು ಗುಡ್ಡೆಯಿಂದ ಒಂದು ಬೊಗಸೆ ಎತ್ತಿ ಹಾಕುತ್ತಿದ್ದ, ನಗುತ್ತಲೇ. ಗುಡ್ಡೆ ಗುಡ್ಡೆ ಕಡಲೆಕಾಯಿ ಮುಂದೆ ಒಂದು ಬೊಗಸೆ ಅವನಿಗೆ ಏನೂ ಅಲ್ಲ. ನಾವು ಮೂರು ಮಕ್ಕಳಿಗೆ ದಾರಿಯುದ್ದಕ್ಕೂ ತಿನ್ನೋಕೆ ಅದು ಸಾಕಾಗುತ್ತಿತ್ತು. ಸೊಪ್ಪಿನವಳ ಹತ್ತಿರವೂ ಹಾಗೇ, ಎರಡು ಎಸಳು ಕರಿಬೇವು. ರೇಟು ಇಳಿಸು ಅಂದರೆ ಎದುರಿನವರಿಗೆ ನೋವು. ಕೊಸರು ಕೊಡು ಅಂದರೆ ಕೊಟ್ಟ ಖುಷಿ. ನಾನು ಕೆಲಸದಲ್ಲಿ ಈಗ ಮಾಡುವುದು ಇದೇ ಕೊಸರಾಟ. ಅವರಿಗೆ ಸುಲಭವಾಗಿ ಬಿಟ್ಟುಕೊಡಬಹುದಾದದ್ದು ಯಾವುದು, ನನ್ನ ಕಡೆಯಿಂದ ಅವರಿಗೆ ತೀರಾ ಬೇಕಾದದ್ದು ಯಾವುದು ಅಂತ ಮೊದಲು ಹುಡುಕುತ್ತೇನೆ. ರೇಟಿನ ಮಾತು ಕೊನೆಗೆ.

ಹುಡುಕುವುದು ಅಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರಶ್ನೆ ಕೇಳಬೇಕು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದೇ ಕಷ್ಟ.

ಮನೆ ಬಾಡಿಗೆಯ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಹಾಲಕ್ಷ್ಮಿ ಲೇಔಟಿನಲ್ಲಿ ಒಂದು ಮನೆ ನೋಡಿದೆವು. ಎರಡು ಬೆಡ್‌ರೂಮು, ಕಾವೇರಿ ನೀರು, ಮೆಟ್ರೋಗೆ ನಡೆದು ಹೋಗಬಹುದು. ನನಗೆ ಪೀಣ್ಯಕ್ಕೆ ಒಂದೇ ಟ್ರೈನು. ಬಾಡಿಗೆ 24,000, ಅಡ್ವಾನ್ಸ್ ಹತ್ತು ತಿಂಗಳದ್ದು, 2,40,000. ಬೇರೆ ಊರಿನವರು ಈ ಹತ್ತು ತಿಂಗಳ ಲೆಕ್ಕ ಕೇಳಿದರೆ ಹೌಹಾರುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ನಮಗೆ ಅದು ಸಂಪ್ರದಾಯ. ಈಗೀಗ ಐದು, ಆರು ತಿಂಗಳಿಗೆ ಒಪ್ಪುವವರೂ ಇದ್ದಾರೆ.

ನಮ್ಮನೆಯವರು ಮನೆಯೊಳಗೆ ಕಾಲಿಟ್ಟವರೇ ‘ಆಹಾ, ಎಷ್ಟು ಗಾಳಿ ಬೆಳಕು! ನಮಗೆ ಇಂಥದ್ದೇ ಬೇಕಿತ್ತು’ ಅಂದುಬಿಟ್ಟರು. ಅಲ್ಲಿಗೆ ಅರ್ಧ ಆಟ ಮುಗಿಯಿತು. ಮೆಟ್ಟಿಲ ಹತ್ತಿರ ನಿಂತು ನನ್ನ ಕಿವಿಯಲ್ಲಿ, ‘ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳ ಅಡ್ವಾನ್ಸ್ ಅಂತಿದೆ, ಅದನ್ನ ಹೇಳೋಣ’ ಅಂದರು. ನಿಜ, 2021ರಲ್ಲಿ ಬಂದ ಆ ಕಾಯ್ದೆಯಲ್ಲಿ ಹಾಗೇ ಇದೆ. ಆದರೆ ಅದು ಮಾದರಿ. ರಾಜ್ಯ ಒಪ್ಪಿ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಮತ್ತೆ, ಮನೆ ಕೇಳೋಕೆ ಬಂದವರು ಬಾಗಿಲಲ್ಲೇ ಕಾನೂನು ತೆಗೆದರೆ ಓನರ್ ಅಂದುಕೊಳ್ಳುವುದು ಒಂದೇ, ಇವರು ನಾಳೆ ಕೋರ್ಟಿಗೂ ಹೋಗ್ತಾರೆ ಅಂತ. ಸುಮ್ನಿರಿ ಅಂದೆ.

ಮೇಲಿನ ಮಹಡಿಯಲ್ಲಿ ಓನರ್ ಅಂಕಲ್, ಆಂಟಿ. ಅಂಕಲ್ ರಿಟೈರ್ ಆದವರು. ಕಾಫಿ ಬಂತು. ನನ್ನ ಲೆಕ್ಕ ಅಡ್ವಾನ್ಸನ್ನು ಐದು ತಿಂಗಳಿಗೆ ಇಳಿಸುವುದಾಗಿತ್ತು. ಆದರೂ ಅದನ್ನು ಎತ್ತದೆ ಬೇರೆ ಮಾತು ಶುರು ಮಾಡಿದೆ.

‘ಈಗಿರೋರು ಯಾವಾಗ ಖಾಲಿ ಮಾಡ್ತಾರೆ ಅಂಕಲ್?’

‘ಮೂವತ್ತನೇ ತಾರೀಖು. ಸ್ವಂತ ಮನೆ ಕಟ್ಕೊಂಡ್ರು, ಗೃಹಪ್ರವೇಶಾನೂ ಆಯ್ತು. ಒಳ್ಳೆ ಜನ.’

‘ಎಷ್ಟು ವರ್ಷ ಇದ್ರು?’

‘ಆರು ವರ್ಷ.’

ನಾನು ತಲೆಯಾಡಿಸಿ ಕಾಫಿ ಕುಡಿದೆ. ಅಂಕಲ್ಲೂ ಸುಮ್ಮನಾದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಗ ಅಡುಗೆಮನೆಯಿಂದ ಆಂಟಿ ದನಿ ಬಂತು. ‘ಅವರ ದುಡ್ಡು ವಾಪಸ್ ಕೊಡೋದು ಹೇಗೆ ಅಂತ ಯೋಚ್ನೆ ಮಾಡ್ರೀ ಮೊದ್ಲು!’

ಅಂಕಲ್ ಲೋಟದೊಳಗೆ ನೋಡಿಕೊಂಡರು.

ಈ ಊರಿನಲ್ಲಿ ಬಾಡಿಗೆಗಿದ್ದವರಿಗೆಲ್ಲ ಗೊತ್ತು. ಅಡ್ವಾನ್ಸ್ ಬ್ಯಾಂಕಿನಲ್ಲಿ ಕೂತಿರುವುದಿಲ್ಲ. ಮಗಳ ಮದುವೆಗೋ, ಮೇಲಿನ ಮಹಡಿ ಕಟ್ಟೋಕೋ ಆಗಿಹೋಗಿರುತ್ತದೆ. ಹೊಸಬರು ಕೊಟ್ಟದ್ದನ್ನು ಹಳಬರಿಗೆ ಕೊಡುವುದು. ಹೊಸಬರು ಸಿಗದಿದ್ದರೆ ಹಳಬರು ಬಾಗಿಲಿಗೆ ಬಂದು ಕೂರುತ್ತಾರೆ. ಹಾಗಿರುವಾಗ ನಾನು ಅಡ್ವಾನ್ಸ್ ಕಡಿಮೆ ಮಾಡಿ ಅಂದಿದ್ದರೆ ಅಂಕಲ್‌ಗೆ ಇಷ್ಟವಿದ್ದರೂ ಆಗುತ್ತಿರಲಿಲ್ಲ. ಹಳಬರು ಎಷ್ಟು ಕೊಟ್ಟಿದ್ದರು ಅಂತ ಮೆಲ್ಲಗೆ ಕೇಳಿದೆ. 1,80,000.

ಅಲ್ಲೇ ನನ್ನ ಲೆಕ್ಕ ಬದಲಾಯಿತು.

‘ಅಂಕಲ್, ಎರಡು ಲಕ್ಷ ಸೋಮವಾರ ನಿಮ್ಮ ಅಕೌಂಟಿಗೆ ಹಾಕ್ತೀನಿ. ಅವರು ಖಾಲಿ ಮಾಡೋಕೆ ಮುಂಚೆನೇ. ಶನಿವಾರ ಅಗ್ರಿಮೆಂಟ್ ಸೈನ್ ಮಾಡಿಬಿಡೋಣ. ಬಾಡಿಗೆ ಮಾತ್ರ ಇಪ್ಪತ್ತೆರಡು ಮಾಡ್ಕೊಡಿ.’

ಹೇಳಿ ಸುಮ್ಮನೆ ಕೂತೆ. ನಮ್ಮನೆಯವರು ‘ಇಲ್ಲಾಂದ್ರೆ...’ ಅಂತ ಬಾಯಿ ತೆರೆದರು, ಟೀಪಾಯಿ ಕೆಳಗೆ ಅವರ ಕಾಲು ತುಳಿದೆ. ಈ ನಿಶ್ಶಬ್ದದಲ್ಲಿ ಜನ ತಮ್ಮ ಮಾತನ್ನು ತಾವೇ ಇಳಿಸಿಕೊಳ್ಳುವುದನ್ನು ನಾನು ಆಫೀಸಿನಲ್ಲಿ ನೂರು ಸಲ ನೋಡಿದ್ದೇನೆ. ಇಪ್ಪತ್ತೆರಡು ಅಂದು, ಎದುರಿನವರು ಯೋಚಿಸುವಷ್ಟರಲ್ಲಿ ‘ಹೋಗ್ಲಿ ಇಪ್ಪತ್ಮೂರು’ ಅಂದುಬಿಡುತ್ತಾರೆ. ಕೇಳಿದವರು ಯಾರೂ ಇರುವುದಿಲ್ಲ.

ಅಂಕಲ್ ಒಂದು ಸಲ ಅಡುಗೆಮನೆ ಕಡೆ ನೋಡಿದರು. ‘ಇಪ್ಪತ್ತೆರಡೂವರೆ ಮಾಡಮ್ಮ.’

ಆಯ್ತು ಅಂದೆ. ಏಳುವಾಗ ಕೊಸರು ಕೇಳಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ಬದಲು, ಪೇಂಟರ್ ಬಿಲ್ಲು ಎಷ್ಟಾಗುತ್ತೋ ಅಷ್ಟೇ ಹಿಡಿಯಲಿ ಅಂತ. ಎಂದೋ ಬರುವ ಖರ್ಚು ಅದು, ಅಂಕಲ್ ಕೂಡಲೇ ಒಪ್ಪಿದರು. ಆದರೆ ಬಾಯಿ ಮಾತಿಗೆ ಬಿಡಲಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಆ ಸಾಲು ಬರೆಸಿದ್ದೇನೆ. ಹನ್ನೊಂದೇ ಯಾಕೆ ಅಂದರೆ ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು, ಆ ಓಡಾಟ ಯಾರಿಗೂ ಬೇಡ. ತಿಂಗಳಿಗೆ ಒಂದೂವರೆ ಸಾವಿರ, ಹನ್ನೊಂದು ತಿಂಗಳಿಗೆ 16,500 ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಪಂಪ್ ಕೆಟ್ಟರೆ ಅಂಕಲ್ ಅದೇ ದಿನ ಸರಿ ಮಾಡಿಸುತ್ತಾರೆ. ಅವರನ್ನು 21ಕ್ಕೆ ಹಿಂಡಿದ್ದರೆ ಮಾಡಿಸುತ್ತಿದ್ದರಾ? ಟಿಫನ್ ಡಬ್ಬಿ ನೆನಪಾಗುತ್ತದೆ.

ಒಂದು ಮಾತು. ಆ ಸೋಫಾದಲ್ಲಿ ನಾನು ನೆಮ್ಮದಿಯಾಗಿ ಬಾಯಿ ಮುಚ್ಚಿಕೊಂಡಿರಲು ಆದದ್ದು, ನಂದಿನಿ ಲೇಔಟಿನಲ್ಲಿ ಇನ್ನೊಂದು ಮನೆ ನೋಡಿಟ್ಟಿದ್ದಕ್ಕೆ. ಅಷ್ಟು ಚೆನ್ನಾಗಿರಲಿಲ್ಲ, ಆದರೆ ಇರಬಹುದಿತ್ತು. ಕೈಯಲ್ಲಿ ಇನ್ನೊಂದು ಇಲ್ಲದೆ ಮಾತಿಗೆ ಕೂತಾಗಲೆಲ್ಲ ನಾನು ಸೋತಿದ್ದೇನೆ. ಮುಖದಲ್ಲೇ ಗೊತ್ತಾಗಿಬಿಡುತ್ತೆ ಅಲ್ವಾ.

ಸಂಬಳದ ವಿಷಯದಲ್ಲಿ ಈ ಬುದ್ಧಿ ಬಂದದ್ದು ತಡವಾಗಿ. ಮೊದಲ ಸಲ ಕೇಳಿದಾಗ ‘ಸರ್, ಮನೆ ಖರ್ಚು ಜಾಸ್ತಿಯಾಗಿದೆ, ಸ್ಕೂಲ್ ಫೀಸು...’ ಅಂದೆ. ‘ನಂಗೂ ಜಾಸ್ತಿಯಾಗಿದೆ ಕಣಮ್ಮ’ ಅಂದರು. ಮುಗೀತು. ಎರಡನೇ ಸಲ ಒಂದು ಪುಟ ಬರೆದುಕೊಂಡು ಹೋದೆ. ನಮ್ಮಲ್ಲಿ ಹಿತ್ತಾಳೆ, ಅಲ್ಯುಮಿನಿಯಂ, ಕಬ್ಬಿಣದ ಚಿಪ್ಸ್ ಎಲ್ಲ ಒಂದೇ ಡ್ರಮ್ಮಿಗೆ ಬೀಳುತ್ತಿದ್ದವು. ಗುಜರಿಯವನು ಎಲ್ಲಕ್ಕೂ ಕಬ್ಬಿಣದ ರೇಟು ಕಟ್ಟುತ್ತಿದ್ದ. ಮೂರು ಡ್ರಮ್ ಇಡಿಸಿ, ಬಣ್ಣ ಹೊಡೆಸಿ, ಹುಡುಗರ ಹಿಂದೆ ಬಿದ್ದು ಬೇರೆ ಮಾಡಿಸಿದ್ದು ನಾನು. ಅದರಿಂದ ಬಂದ ದುಡ್ಡು ತಿಂಗಳು ತಿಂಗಳಿಗೆ ಎಷ್ಟು ಅಂತ ಆ ಪುಟದಲ್ಲಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕೇಳಿದಷ್ಟು ಕೊಡಲಿಲ್ಲ, ಮುಕ್ಕಾಲು ಕೊಟ್ಟರು. ಕೊಸರಾಗಿ ತಿಂಗಳಿಗೆ ಎರಡು ಶನಿವಾರ ರಜ ಕೇಳಿದೆ, ಸಿಕ್ಕಿತು.

ಆಟೋದವರ ಹತ್ತಿರ ಮಾತ್ರ ನಾನು ಏನೂ ಮಾಡುವುದಿಲ್ಲ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ಅಂತ ಇದೆ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಹಗಲು ‘ಮೀಟರ್ ಮೇಲೆ ಮೂವತ್ತು ಕೊಡಿ’ ಅಂದರೆ ಮುಂದಿನ ಆಟೋಗೆ ಕೈ ಅಡ್ಡ ಹಾಕುತ್ತೇನೆ. ಮಳೆ ಬರುತ್ತಿದ್ದರೆ ಕೂತುಬಿಡುತ್ತೇನೆ.

ಇಷ್ಟೆಲ್ಲ ಹೇಳಿದವಳ ಆಟ ನಡೆಯದ ಜಾಗವೂ ಒಂದಿದೆ. ನಮ್ಮ ಬೀದಿಯ ಟೈಲರ್. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಕೊಟ್ಟು, ಅಡ್ವಾನ್ಸಾಗಿ ಪೂರ್ತಿ ದುಡ್ಡು ಕೊಡ್ತೀನಿ ಅಂದೆ, ಬೇಡ ಅಂದಳು. ನಾಲ್ಕು ಜನ ಗಿರಾಕಿ ಕರ್ಕೊಂಡು ಬರ್ತೀನಿ ಅಂದೆ, ‘ಇರೋರಿಗೇ ಹೊಲಿಯೋಕೆ ಆಗ್ತಿಲ್ಲ ಅಕ್ಕ’ ಅಂದಳು. ಸುಮ್ಮನೆ ನಿಂತು ನೋಡಿದೆ. ಅವಳೂ ಸುಮ್ಮನೆ ಹೊಲಿಯುತ್ತಿದ್ದಳು, ಮೆಷಿನ್ ಸದ್ದಿಗೆ ನಿಶ್ಶಬ್ದವೂ ಇರಲಿಲ್ಲ. ಬೇರೆ ಟೈಲರ್ ಹತ್ತಿರ ಹೋಗೋಣ ಅಂದರೆ ನನ್ನ ಅಳತೆ ಇಷ್ಟು ಸರಿಯಾಗಿ ಇನ್ಯಾರಿಗೂ ಕೂರಿಸೋಕೆ ಬರಲ್ಲ, ಅದು ಅವಳಿಗೂ ಗೊತ್ತು. ಹಬ್ಬದ ಹಿಂದಿನ ಸಂಜೆ ಏಳು ಗಂಟೆಗೆ ಹೋದಾಗ ಇನ್ನೂ ಹುಕ್ಸ್ ಹಾಕಿರಲಿಲ್ಲ.

‘ಒಂಬತ್ತಕ್ಕೆ ಬನ್ನಿ ಅಕ್ಕ’ ಅಂದಳು, ತಲೆ ಎತ್ತದೆ. ಒಂಬತ್ತಕ್ಕೆ ಹೋದೆ.