ಕ್ಯಾರವಾನ್‌ನಾಗೆ ದಾವಣಗೆರೆಯಿಂದ ಹೊನ್ನಾವರಕ್ಕೆ: ಮೊದ್ಲು ನೀರಿನ ಟ್ಯಾಂಕ್ ಖಾಲಿ ಮಾಡ್ರಿ

ನಮ್ಮ ಬಯಲುಸೀಮೆ ಮಂದಿಗೆ ಒಂದು ಚಟ ಐತೆ, ಎಲ್ಲಿಗೆ ಹೊಂಟ್ರೂ ನೀರು ತುಂಬ್ಕೊಳ್ಳೋದು. ಹೋದ ಡಿಸೆಂಬರ್‌ನಾಗೆ ನಾವೂ ಅದನ್ನೇ ಮಾಡಿದ್ವಿ, ಮಲಗಾಕೆ, ಅಡಿಗೆಗೆ ಜಾಗ ಇರೋ ಟೆಂಪೋ ಟ್ರಾವೆಲರ್ ಕ್ಯಾರವಾನ್ ಬಾಡಿಗೆಗೆ ತಗೊಂಡು 150 ಲೀಟರ್ ಟ್ಯಾಂಕು ಬಾಯಿಮಟ ತುಂಬ್ಸಿ, ಮೇಲೆ ಮೂರು ಕ್ಯಾನು, ಅದೂ ಸಾಲ್ದು ಅಂತ ನಮ್ಮತ್ತೆ ಎರಡು ಕೊಡ ಬೇರೆ. ಒಂದು ಲೀಟರ್ ಅಂದ್ರೆ ಒಂದು ಕೆಜಿ ಅಲ್ವಾ, ಮೂರ್ನಾಲ್ಕು ಜನ ಆಳು ಎಕ್ಸ್ಟ್ರಾ ಹತ್ತಿಸ್ಕೊಂಡಂಗೆ ಆತು. ಜೋಗದ ಹತ್ರದ ಮಾವಿನಗುಂಡಿ ದಾಟಿ ಘಾಟಿ ಇಳಿಯುವಾಗ ಸುಟ್ಟ ವಾಸ್ನೆ ಬಂತು, ಅತ್ತೆ "ಯಾರೋ ಒಗ್ಗರಣೆ ಸೀದ್ಸ್ಯಾರೆ ನೋಡ್ರಪ್ಪಾ" ಅಂದ್ರು. ಸೀದಿದ್ದು ನಮ್ಮ ಬ್ರೇಕು.

ಹಂಗಾಗಿ ಹೋಗೋರು ಹಿಂಗೆ ಮಾಡ್ರಿ.

ಮೊದ್ಲು ಗಾಡಿ. ಡ್ರೈವರ್ ಸಮೇತ ಬಾಡಿಗೆದಾದ್ರೆ ಹಳದಿ ಬೋರ್ಡೇ ಇರ್ಬೇಕು, ಇನ್ಶೂರೆನ್ಸು, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟು) ನೋಡ್ಕೊಳ್ರಿ. ಸ್ವಂತ ಗಾಡಿಗೆ ಮಂಚ, ಸಿಂಕು ಕೂರಿಸಿ ಬಾಡಿ ಬದಲಾಯಿಸೋದಾದ್ರೆ ಮುಂಚೆನೇ ಆರ್‌ಟಿಓ ಪರ್ಮಿಷನ್ ಬೇಕು, ಆಮೇಲೆ ನೋಡ್ಕಳಣ ಅಂದ್ರೆ ಆಗಲ್ಲ.

ಎರಡನೇದು ಭಾರ. ಕುಡಿಯಾಕೆ ಒಂದು 20 ಲೀಟರ್ ಕ್ಯಾನ್ ಸಾಕು. ಟ್ಯಾಂಕು ಅರ್ಧ ತುಂಬ್ಸೋದು ಇನ್ನೂ ಕೆಟ್ಟದ್ದು, ತಿರುವಿನಾಗೆ ನೀರು ಆಕಡೆ ಈಕಡೆ ಹೊಯ್ದಾಡಿ ಗಾಡಿನೇ ಎಳೀತೈತೆ. ಗ್ಯಾಸಿಗೆ 5 ಕೆಜಿ ಸಿಲಿಂಡರ್ ತಗೊಳ್ರಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರ್ಲಿ. ಮಂಡಕ್ಕಿ ಎಷ್ಟು ಚೀಲ ಬೇಕಾದ್ರೂ ತುಂಬ್ಕೊಳ್ರಿ, ಅದಕ್ಕೆ ತೂಕ ಎಲ್ಲೈತೆ! ಕಂಬಳಿ ಬ್ಯಾಡ. ಕರಾವಳಿಯಾಗೆ ಡಿಸೆಂಬರ್‌ನಾಗೂ ಮೈ ಜಿಗಿಜಿಗಿ ಅಂತೈತೆ, ಫ್ಯಾನು, ಸೊಳ್ಳೆ ಪರದೆ ಇದ್ರೆ ಬಚಾವು.

ದಾರಿ ದಾವಣಗೆರೆಯೋರಿಗೆ ಹೊನ್ನಾಳಿ ಮೇಲೆ ಶಿವಮೊಗ್ಗ, ಚಿತ್ರದುರ್ಗದೋರಿಗೆ ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ, ಅಲ್ಲಿಂದ ಸಾಗರ, ತಾಳಗುಪ್ಪ, ಗೇರುಸೊಪ್ಪ, ಹೊನ್ನಾವರ. ದಾವಣಗೆರೆಯಿಂದ ಹೆಚ್ಚುಕಮ್ಮಿ 250 ಕಿಲೋಮೀಟರ್. ಆಗುಂಬೆ ಘಾಟಿ ಚಂದ ಐತೆ ನಿಜ, ಆದ್ರೆ ಆ ಹೇರ್‌ಪಿನ್ ತಿರುವಿಗೆ ಉದ್ದ ಗಾಡಿ ಬ್ಯಾಡವೇ ಬ್ಯಾಡ. ತೀರಾ ದೊಡ್ಡ ಗಾಡಿಯೋರು ಸುತ್ತಾದ್ರೂ ಹುಬ್ಬಳ್ಳಿ, ಯಲ್ಲಾಪುರ ಮೇಲೆ ಅರಬೈಲ್ ಘಾಟಿ ಇಳಿದು ಅಂಕೋಲಾಕ್ಕೆ ಹೋಗ್ರಿ, ಲಾರಿಗಳು ದಿನಾ ಓಡಾಡೋ ದಾರಿ ಅದು. ಮಳೆಗಾಲದಾಗೆ ಹೋಗೋದು ನನ್ನ ಪ್ರಕಾರ ವೇಸ್ಟು, ಗುಡ್ಡ ಕುಸಿದ್ರೆ ದಾರಿನೇ ಬಂದ್, ಕಡಲಿಗೂ ಇಳಿಯಂಗಿಲ್ಲ.

ಇನ್ನ ಘಾಟಿ. ಕತ್ಲಾಗೋದ್ರೊಳಗೆ ಇಳೀರಿ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರು, ಸೆಕೆಂಡಿಗೆ ಹಾಕಿದ್ರೆ ಇಂಜಿನ್ನೇ ಗಾಡಿ ಹಿಡೀತೈತೆ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡೋರ ಕೈಗೆ ಕೀಲಿನೇ ಕೊಡಬ್ಯಾಡ್ರಿ. ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಕೂರಬಾರ್ದು, ಒತ್ತಿ ಸ್ಪೀಡ್ ಇಳಿಸಿ ಬಿಡ್ಬೇಕು. ಹತ್ತಿ ಬರೋ ಗಾಡಿಗೆ ದಾರಿ ಬಿಡ್ರಿ. ವಾಸ್ನೆ ಬಂತಾ, ಅಗಲ ಇರೋ ಕಡೆ ಸೈಡಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಸುಮ್ನೆ ಕೂತ್ಕೊಳ್ರಿ. ನಾವು ಕೂತಿದ್ವಿ, ಅತ್ತೆ ಕೊಡ ಎತ್ತಿ ಬಿಸಿ ಚಕ್ರಕ್ಕೇ ನೀರು ಸುರಿಯಾಕೆ ಹೋಗಿದ್ರು, ಹಿಡ್ಕೊಂಡ್ವಿ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಬ್ರೇಕಿನ ಡಿಸ್ಕು, ಡ್ರಮ್ಮು ಬಿರುಕು ಬಿಡಬೋದು.

ಇಳಿದ್ಮೇಲೆ ಟ್ಯಾಂಕ್ ತುಂಬ್ಸಿ. ಗೇರುಸೊಪ್ಪ ದಾಟಿದ್ರೆ ಮನೆಗೊಂದು ಬಾವಿ, ಬಾಡಿಗೆ ಡ್ರೈವರ್ "ಅಮ್ಮಾ, ಒಂಚೂರು ನೀರು ಬೇಕಿತ್ತು" ಅಂದಿದ್ದಕ್ಕೆ ಒಬ್ರು ಪೈಪೇ ಕೊಟ್ರು, ದುಡ್ಡು ಕೇಳ್ಲಿಲ್ಲ. ನಮ್ಮತ್ತೆ ಖಾಲಿ ಕೊಡಾನೂ ತಂದಿಟ್ರು.

ರಾತ್ರಿ ಗಾಡಿ ಮರಳ ಮೇಲೆ ನಿಲ್ಲಿಸ್ಬ್ಯಾಡ್ರಿ, ಉಬ್ಬರ ಎಲ್ಲಿಗೆ ಬರ್ತೈತೋ ನಮಗೇನ್ ಗೊತ್ತು. ಗಟ್ಟಿ ನೆಲದ ಪಾರ್ಕಿಂಗು, ಇಲ್ಲಾ ಹೋಮ್‌ಸ್ಟೇ ಅಂಗಳ ಕೇಳ್ಕೊಳ್ರಿ. ಹೂತ್ರೆ ಆಕ್ಸಿಲರೇಟರ್ ತುಳೀಬ್ಯಾಡ್ರಿ, ಇನ್ನೂ ಇಳೀತೈತೆ, ಟೈರಿನ ಗಾಳಿ ಒಂಚೂರು ಬಿಟ್ಟು ಅದರಡಿಗೆ ಮ್ಯಾಟ್ ಕೊಟ್ಟು ನಿಧಾನ ತೆಗೀರಿ. ಬೆಳಗ್ಗೆ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಹೋಗ್ರಿ, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಬ್ಲೂ ಫ್ಲ್ಯಾಗ್ 2020ರಲ್ಲಿ ಸಿಕ್ಕ ಬೀಚು.

ವಾಪಸ್ ಬಂದ ದಿನವೇ ಗಾಡಿ ತಳಕ್ಕೆ ಸಿಹಿನೀರು ಹೊಡೆಸಿ, ಉಪ್ಪು ಕೂತ್ರೆ ತುಕ್ಕು ಹಿಡೀತೈತೆ. ನಮ್ಮನೇಲಿ ಅವತ್ತು ನಲ್ಲಿ ಬರೋ ದಿನ ಅಲ್ಲ, ಹೊನ್ನಾವರದಿಂದ ಅತ್ತೆ ತುಂಬ್ಕೊಂಡು ಬಂದಿದ್ದ ಎರಡು ಕೊಡನೇ ಗತಿ ಆತು.